ಕಾರಿಗೆ ಅದರದೇ ಮೀಟರ್ ಕೊಡಿಸಿ

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಅಧ್ಯಕ್ಷರಿಗೆ,



ಹಾಸನದಲ್ಲಿರುವ ನನ್ನ ತಂಗಿಯ ಅಡುಗೆಮನೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕದ ಪಕ್ಕದಲ್ಲೇ ಅವಳು ಮೂರು ದಿನಕ್ಕೊಮ್ಮೆ ಕರೆಂಟ್ ಮೀಟರಿನ ಅಂಕಿ ಬರೆದಿಡುತ್ತಾಳೆ. ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ಶುರುವಾದ ರೂಢಿ ಇದು. ತಿಂಗಳ ಬಳಕೆ 190 ಯೂನಿಟ್ ಮುಟ್ಟಿತೆಂದರೆ ಕಾರಿನ ಪ್ಲಗ್ ಕಿತ್ತಿಡುತ್ತಾಳೆ. ಮುಂದಿನ ರೀಡಿಂಗ್ ಆಗುವವರೆಗೆ ಕಾರು ಅಂಗಳ ಬಿಟ್ಟು ಕದಲುವುದಿಲ್ಲ.

ಲೆಕ್ಕ ಬಿಡಿಸಿ ಹೇಳುತ್ತೇನೆ. ಆ ಕಾರಿನ ಬ್ಯಾಟರಿ ಸುಮಾರು 30 ಯೂನಿಟ್ಟಿನದು. ಹದಿನೈದು ಆಂಪಿಯರ್ ಪ್ಲಗ್ಗಿನಲ್ಲಿ ರಾತ್ರಿಯಿಡೀ ತುಂಬಿಸುವಾಗ ಒಂದಷ್ಟು ಸೋರಿಹೋಗುವುದರಿಂದ ಮೀಟರಿನಲ್ಲಿ 34ರಷ್ಟು ಓಡುತ್ತದೆ. 2025-26ರ ಮನೆಬಳಕೆಯ ದರ ಯೂನಿಟ್ಟಿಗೆ 5.80 ರೂಪಾಯಿ. ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿಗೆಂದು 36 ಪೈಸೆ, ಶೇ 9ರ ತೆರಿಗೆ. ಎಲ್ಲ ಸೇರಿ ಯೂನಿಟ್ಟಿಗೆ 6.70ರ ಹತ್ತಿರ, ಒಮ್ಮೆ ತುಂಬಿಸಲು 230 ರೂಪಾಯಿ. ಕಾರು 200 ಕಿಲೋಮೀಟರ್ ಓಡುತ್ತದೆ. ಕಿಲೋಮೀಟರಿಗೆ ಒಂದು ರೂಪಾಯಿ ಹದಿನೈದು ಪೈಸೆ. ಪೆಟ್ರೋಲ್ ಕಾರಿಗೆ ಏಳು ರೂಪಾಯಿ ಬೀಳುವ ಕಡೆ ಇದು ದೊಡ್ಡ ಉಳಿತಾಯವೇ. ಮಾರುವವರು ಹೇಳುವುದೂ ಇದೇ ಲೆಕ್ಕ, ಅದರಲ್ಲಿ ಸುಳ್ಳಿಲ್ಲ.

ಆದರೆ ತಂಗಿಯ ಮನೆ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿದೆ. ಮನೆಗೆ ತಿಂಗಳಿಗೆ 120 ಯೂನಿಟ್ ಸಾಕು, ಅಷ್ಟಕ್ಕೂ ಬಿಲ್ ಸೊನ್ನೆ. ಕಾರು 600 ಕಿಲೋಮೀಟರ್ ಓಡಿದ ತಿಂಗಳು ಇನ್ನೂ ನೂರು ಯೂನಿಟ್ ಬೇಕು. ಒಟ್ಟು 220. ಯೋಜನೆಯ ಮಿತಿಯಾದ ಇನ್ನೂರರ ಗೆರೆ ದಾಟಿದ ಕ್ಷಣ ಮೊದಲನೇ ಯೂನಿಟ್ಟಿನಿಂದಲೇ ಹಣ ಕಟ್ಟಬೇಕು. ಸ್ಥಿರ ಶುಲ್ಕವೂ ಸೇರಿ ಬಿಲ್ 1,700 ದಾಟುತ್ತದೆ. ಆ ಹಣ ಪೂರ್ತಿ ಬಂದದ್ದು ಕಾರಿನಿಂದ. ಅಂದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ ಮೂರು ರೂಪಾಯಿ.

ಕಾರು ಇಟ್ಟವರಿಗೆ ಉಚಿತ ಕರೆಂಟ್ ಯಾಕೆ ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ, ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಸರ್ಕಾರ. ಕಾರಿನ ಕರೆಂಟು ಪುಕ್ಕಟೆ ಬೇಕೆಂದು ತಂಗಿ ಕೇಳುತ್ತಿಲ್ಲ. ಅದಕ್ಕೆ ತಗಲುವ ಹಣವನ್ನು ಕಟ್ಟಲು ಅವಳು ಸಿದ್ಧ. ಕಾರಿನ ಯೂನಿಟ್ಟನ್ನೂ ಫ್ರಿಜ್ಜಿನ ಯೂನಿಟ್ಟನ್ನೂ ಒಂದೇ ಮೀಟರ್ ಎಣಿಸುತ್ತಿದ್ದರೆ ಯಾವುದು ಯಾವುದೆಂದು ಬೇರ್ಪಡಿಸುವುದು ಹೇಗೆ? ಕಾರಿಗೆ ಅದರದೇ ಮೀಟರ್ ಇದ್ದರೆ ಮನೆಯ ಲೆಕ್ಕ ಮನೆಗೆ, ಕಾರಿನ ಲೆಕ್ಕ ಕಾರಿಗೆ.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಗ್ರಾಹಕ ಕೇಳಿದರೆ ಇವಿ ಚಾರ್ಜಿಂಗಿಗೆ ಪ್ರತ್ಯೇಕ ಸಂಪರ್ಕ ಕೊಡಬೇಕೆಂದು ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರುವರಿಯಲ್ಲೇ ತಿದ್ದುಪಡಿಯಾಗಿದೆ. ಇವಿ ಚಾರ್ಜಿಂಗಿಗೆಂದೇ ನಿಮ್ಮ ದರಪಟ್ಟಿಯಲ್ಲಿ ಬೇರೆ ವರ್ಗವಿದೆ. ಅಡ್ಡಬರುವುದು ಸ್ಥಿರ ಶುಲ್ಕ. ಮಂಜೂರಾದ ಪ್ರತಿ ಕಿಲೋವ್ಯಾಟಿಗೂ ತಿಂಗಳು ತಿಂಗಳು ಕಟ್ಟಬೇಕು. ಕಾರು ಓಡಲಿ ಬಿಡಲಿ, ಅದು ತಪ್ಪದು. ಗೋಡೆಗೆ ಹಾಕುವ 7 ಕಿಲೋವ್ಯಾಟಿನ ಚಾರ್ಜರ್ ಇಟ್ಟುಕೊಂಡು ತಿಂಗಳಿಗೆ ಮುನ್ನೂರು ಕಿಲೋಮೀಟರ್ ಓಡಿಸುವವರಿಗೆ ಕರೆಂಟಿಗಿಂತ ಸ್ಥಿರ ಶುಲ್ಕವೇ ಭಾರ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆ ಸ್ಥಿರ ಶುಲ್ಕವಿಲ್ಲದ ಒಂದೇ ದರ ಇರಲಿ ಎಂದು ಕೇಂದ್ರದ 2024ರ ಮಾರ್ಗಸೂಚಿ ಹೇಳುತ್ತದೆ. ವ್ಯಾಪಾರಕ್ಕೆ ಸಲ್ಲುವ ಈ ಕ್ರಮ ಮನೆಯಂಗಳದ ಕಾರಿಗೂ ಸಲ್ಲಬೇಕು. ನನ್ನ ಮುಖ್ಯ ಕೋರಿಕೆ ಇದು.

ಈಗ ನನ್ನ ಎಲೆಕ್ಟ್ರಿಕ್ ಕಾರಿನ ಸಂಗತಿ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ನಾಲ್ಕನೇ ಮಹಡಿಯಲ್ಲಿದ್ದೇನೆ. ನೆಲಮಾಳಿಗೆಯ ಮೀಟರ್ ಬೋರ್ಡಿನಿಂದ ನನ್ನ ಪಾರ್ಕಿಂಗ್ ಜಾಗಕ್ಕೆ ಅರವತ್ತು ಅಡಿ. ಅಷ್ಟು ದೂರ ಕೇಬಲ್ ಎಳೆಯಲು ಎಂಟು ತಿಂಗಳಿಂದ ನಿವಾಸಿಗಳ ಸಂಘದ ಒಪ್ಪಿಗೆ ಸಿಕ್ಕಿಲ್ಲ. ಬೆಂಕಿಯ ಭಯ ಎನ್ನುತ್ತಾರೆ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ನನ್ನ ಮಕ್ಕಳೂ ಅದೇ ಕಟ್ಟಡದಲ್ಲಿ ಮಲಗುತ್ತಾರೆ. ಸರಿಯಾದ ಗಾತ್ರದ ತಾಮ್ರದ ಕೇಬಲ್, ಪ್ರತ್ಯೇಕ ಎಂಸಿಬಿ, ಆರ್‌ಸಿಸಿಬಿ, ಗಟ್ಟಿ ಅರ್ಥಿಂಗ್ ಇದ್ದರೆ ಅಪಾಯ ತಗ್ಗುತ್ತದೆ. ಬೇಡ ಎಂದರೆ ಜನ ಕಿಟಕಿಯಿಂದ ಎಕ್ಸ್‌ಟೆನ್ಶನ್ ವೈರ್ ಇಳಿಬಿಡುತ್ತಾರೆ. ನಿಜವಾದ ಅಪಾಯ ಅಲ್ಲಿದೆ. ನಾನು ಹಾಗೆ ಮಾಡಿಲ್ಲ. ರಸ್ತೆಬದಿಯ ಚಾರ್ಜರಿಗೆ ಹೋಗಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿ, ಮೇಲೆ ಶೇ 18ರ ಜಿಎಸ್‌ಟಿ ಕೊಡುತ್ತೇನೆ. ಕಿಲೋಮೀಟರಿಗೆ ನಾಲ್ಕು ರೂಪಾಯಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಗಿದೆ ನನ್ನ ಪಾಡು. ಬಾಡಿಗೆಗೆ ಇರುವವರದು ಇನ್ನೂ ಕಷ್ಟ, ಅವರಿಗೆ ಮನೆ ಮಾಲೀಕರ ಒಪ್ಪಿಗೆಯೂ ಬೇಕು. ಪರವಾನಗಿ ಪಡೆದ ಗುತ್ತಿಗೆದಾರರ ಸುರಕ್ಷತಾ ಪ್ರಮಾಣಪತ್ರ ತಂದವರಿಗೆ ಸಂಘದ ಪತ್ರ ಕೇಳದೆ ಸಂಪರ್ಕ ಕೊಡುವಂತೆ ಸರಬರಾಜು ಷರತ್ತುಗಳಲ್ಲಿ ಒಂದು ಸಾಲು ಸೇರಿಸಿ.

ಇನ್ನೊಂದು ಮಾತು. ಪಾವಗಡದ 2,050 ಮೆಗಾವ್ಯಾಟಿನ ಸೌರ ಉದ್ಯಾನ ಬಿಸಿಲೇರಿದಾಗ ಮೈದುಂಬಿ ಕೆಲಸ ಮಾಡುತ್ತದೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಸುಮ್ಮನಾಗುತ್ತದೆ. ಸೌರ ಹೊತ್ತಿನಲ್ಲಿ ದರ ಕನಿಷ್ಠ ಶೇ 20 ಕಡಿಮೆ ಇರಬೇಕೆಂದು 2023ರ ಕೇಂದ್ರ ನಿಯಮವಿದೆ. ಅದಕ್ಕೆ ಸ್ಮಾರ್ಟ್ ಮೀಟರ್ ಬೇಕು. ಕಾರಿನದು ಹೇಗೂ ಹೊಸ ಸಂಪರ್ಕ, ಹಾಕುವ ಮೀಟರ್ ಸ್ಮಾರ್ಟ್ ಮೀಟರೇ ಆಗಿರಲಿ. ಆ ದರ ಮೊದಲು ಅಲ್ಲಿಂದ ಶುರುವಾಗಲಿ. ತಂಗಿ ಶಾಲೆಯ ಕೆಲಸಕ್ಕೆ ನಡೆದೇ ಹೋಗುತ್ತಾಳೆ. ನಡುಮಧ್ಯಾಹ್ನ ಅವಳ ಕಾರು ಅಂಗಳದಲ್ಲಿ ಸುಮ್ಮನೆ ನಿಂತಿರುತ್ತದೆ. ಕಡಿಮೆ ದರವಿದ್ದರೆ ಅವಳು ರಾತ್ರಿಯ ಬದಲು ಆಗಲೇ ಪ್ಲಗ್ ಹಾಕುತ್ತಾಳೆ.

ನಿನ್ನೆ ಸಂಜೆ ಫೋನ್ ಮಾಡಿದ್ದೆ. ಈ ತಿಂಗಳು ಮೀಟರ್ ಆಗಲೇ 188ಕ್ಕೆ ಬಂದಿದೆಯಂತೆ, ರೀಡಿಂಗಿಗೆ ಇನ್ನೂ ಒಂಬತ್ತು ದಿನ. ನಾಳೆ ಅಪ್ಪನ ಕಣ್ಣಿನ ತಪಾಸಣೆಗೆ ಮೈಸೂರಿಗೆ ಹೋಗಬೇಕು. ಅವರನ್ನು ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ಹೋಗುತ್ತೇನೆ ಎಂದಳು.

ವಿಶ್ವಾಸದಿಂದ,
ಒಬ್ಬ ವಿದ್ಯುತ್ ಗ್ರಾಹಕ, ಬೆಂಗಳೂರು