ಊರಾಚೆ ಮನೆ ಕೊಳ್ಳುವ ಮುನ್ನ



ಕಳೆದ ತಿಂಗಳು ಮಠದಲ್ಲಿ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದಾಗ ಯುವ ದಂಪತಿಯೊಬ್ಬರು ಬಳಿಗೆ ಬಂದರು. ಬೆಂಗಳೂರಿನ ಹೊರವಲಯದಲ್ಲಿ ಮನೆಯೊಂದನ್ನು ನೋಡಿದ್ದಾರೆ, ವಾರದೊಳಗೆ ಮುಂಗಡ ಕೊಡಬೇಕಂತೆ. "ಸರ್, ನೀವು ಇಂಜಿನಿಯರ್ ಆಗಿದ್ದವರು. ಬಾಗಿಲು ಪೂರ್ವಕ್ಕಿದೆ, ಅಡುಗೆಮನೆ ಆಗ್ನೇಯಕ್ಕಿದೆ. ತಗೋಬಹುದಾ?" ಎಂದು ಕೇಳಿದರು. ನಾನು ತಟ್ಟನೆ ಉತ್ತರಿಸಲಿಲ್ಲ. ಇದೇ ಪ್ರಶ್ನೆಯನ್ನು ಕೇಳಿಕೊಂಡು ನಾವೂ ಒಂದು ಮನೆ ಕೊಂಡಿದ್ದೆವು.

ಅದು 2021. ಕೊರೊನಾದಿಂದಾಗಿ ಮಗ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಆಫೀಸು ವೈಟ್‌ಫೀಲ್ಡ್‌ನಲ್ಲಿದ್ದರೂ ದೂರದ ಯೋಚನೆ ಯಾರಿಗೂ ಬರಲಿಲ್ಲ. ನೆಲಮಂಗಲದ ಆಚೆ ಹೊಸ ಬಡಾವಣೆ, ಒಳ್ಳೆ ಗಾಳಿ, ನಮ್ಮ ಊರಿನ ಕಡೆಗೇ ಇರುವ ತುಮಕೂರು ರಸ್ತೆ. ಮಗ, ಸೊಸೆ, ಮೊಮ್ಮಗಳು, ನಾವಿಬ್ಬರು ಒಟ್ಟಿಗೆ ಇರಬಹುದೆಂದು ನನ್ನ ನಿವೃತ್ತಿ ಹಣವನ್ನು ಹಾಕಿದೆ. ಉಳಿದದ್ದಕ್ಕೆ ಮಗ 20 ವರ್ಷದ ಸಾಲ ಮಾಡಿದ.

ಇಲಾಖೆಯಲ್ಲಿ ಜೀವಮಾನವಿಡೀ ಕಟ್ಟಡ ನೋಡಿದವನು ನಾನು. ಪಿಲ್ಲರ್, ಕಂಬಿ, ಪ್ಲಾಸ್ಟರ್ ಎಲ್ಲವನ್ನೂ ತಟ್ಟಿ ನೋಡಿದೆ. ಬಂಧುಗಳ ಒತ್ತಾಯಕ್ಕೆ ವಾಸ್ತು ಹೇಳುವವರೂ ಬಂದರು. ಅವರ ಮಾತಿಗೆ ಚೆನ್ನಾಗಿದ್ದ ಗೋಡೆಯೊಂದನ್ನು ಒಡೆಸಿ ಅಡುಗೆಮನೆಯನ್ನು ಸರಿಸಿದೆವು. ದಿಕ್ಕು, ಮುಹೂರ್ತಗಳ ಭಯ ಬೇಡವೆಂದು ಗೋಷ್ಠಿಗಳಲ್ಲಿ ಮಾತನಾಡುವ ನಾನು ಆ ದಿನ ಸುಮ್ಮನಿದ್ದೆ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವನಿಗೆ ಯಾವ ಮೂಲೆ ಅಶುಭ? ಈ ನಾಚಿಕೆ ನನಗೆ ಇಂದಿಗೂ ಇದೆ.

2024ರ ಬೇಸಿಗೆಯಲ್ಲಿ ಬಡಾವಣೆಯ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ನೀರು ಕೊಂಡೆವು. ಅದನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಅಷ್ಟರಲ್ಲಿ ಮಗನನ್ನು ಆಫೀಸಿಗೆ ಕರೆದಿದ್ದರು. ಆ ವರ್ಷದ ನವೆಂಬರ್‌ನಲ್ಲಿ ಮೆಟ್ರೊ ಮಾದಾವರದವರೆಗೆ ಬಂದರೂ ಮನೆಯಿಂದ ಅಲ್ಲಿಗೆ ಸ್ಕೂಟರ್, ಮೆಜೆಸ್ಟಿಕ್‌ನಲ್ಲಿ ರೈಲು ಬದಲಿ, ಅಲ್ಲಿಂದ ವೈಟ್‌ಫೀಲ್ಡ್. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ವರ್ಷಕ್ಕೆ 240 ಕೆಲಸದ ದಿನವೆಂದರೂ 960 ಗಂಟೆ, ಅಂದರೆ 40 ಹಗಲು-ರಾತ್ರಿ. ಸಾಲ ತೀರುವ 20 ವರ್ಷಕ್ಕೆ 800 ದಿನ. ಎರಡು ವರ್ಷಕ್ಕಿಂತ ಹೆಚ್ಚಿನ ಆಯುಷ್ಯ ರಸ್ತೆಗೆ ಹೋಗುತ್ತದೆ. ಇಷ್ಟು ಸರಳ ಲೆಕ್ಕವನ್ನು ನಾನು ಮುಂಗಡ ಕೊಡುವ ಮೊದಲು ಹಾಕಲಿಲ್ಲ.

ಇದರ ಭಾರ ಹೆಚ್ಚು ಬಿದ್ದದ್ದು ಸೊಸೆಯ ಮೇಲೆ. ಜಯನಗರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದವಳು ಪ್ರಯಾಣ ಮತ್ತು ಮಗುವಿನ ನಡುವೆ ಸೋತು ಕೆಲಸ ಬಿಟ್ಟಳು. ಕಾಯಕಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ ಎನ್ನುವ ನಮ್ಮ ಮನೆಯಲ್ಲಿಯೇ, ನಾವು ಆರಿಸಿದ ಮನೆ ಅವಳ ಕಾಯಕವನ್ನು ಕಿತ್ತುಕೊಂಡಿತು. ಕಳೆದ ವರ್ಷ ಅವರು ನಗರದೊಳಗೆ ಬಾಡಿಗೆ ಮನೆ ಹಿಡಿದರು, ಸೊಸೆ ಮತ್ತೆ ಕೆಲಸ ಹುಡುಕಿಕೊಂಡಳು. ಇಲ್ಲಿ ನಾವಿಬ್ಬರೇ ಇದ್ದೇವೆ. ಕುಟುಂಬ ಕೂಡಿರಲೆಂದು ಕೊಂಡ ಮನೆ ಕುಟುಂಬವನ್ನು ಎರಡು ಮಾಡಿತು.

ಆದ್ದರಿಂದ ಆ ದಂಪತಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮುಂಗಡ ಕೊಡುವ ಮೊದಲು ಒಂದು ಸೋಮವಾರ ಬೆಳಿಗ್ಗೆ ಆ ಮನೆಯ ಬಾಗಿಲಿಂದ ಇಬ್ಬರೂ ನಿಮ್ಮ ನಿಮ್ಮ ಆಫೀಸಿಗೆ ಹೋಗಿ, ಸಂಜೆ ಹಾಗೆಯೇ ಹಿಂತಿರುಗಿ. ಜೋರು ಮಳೆ ಬಂದ ಮರುದಿನ ಹೋಗಿ ನೀರು ಎಲ್ಲಿ ನಿಂತಿದೆ ನೋಡಿ. ಗ್ರಾಮನಕ್ಷೆಯಲ್ಲಿ ಕೆರೆ, ರಾಜಕಾಲುವೆ ಎಲ್ಲಿದೆ ಎಂದು ತಾಳೆ ಹಾಕಿ. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿಯೇ ವಾಸವಿರುವವರನ್ನು ಕೇಳಿ, ಮಾರುವವರನ್ನಲ್ಲ.

ದಾಖಲೆಗಳಲ್ಲಿ ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ನಕ್ಷೆ, ಇ-ಖಾತಾ, ಋಣಭಾರ ಪತ್ರ ಇವನ್ನು ವಕೀಲರಿಗೆ ತೋರಿಸಿ. ಬ್ಯಾಂಕು ಸಾಲ ಕೊಡುತ್ತದೆಂಬುದೊಂದೇ ಭರವಸೆಯಾಗದು. 2016ರ ರೇರಾ ಕಾಯ್ದೆಗೆ ಒಳಪಟ್ಟ ಯೋಜನೆಯಾದರೆ, ನೋಂದಾಯಿತ ಮಾರಾಟ ಕರಾರು ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣವನ್ನು ಯಾರೂ ಕೇಳುವಂತಿಲ್ಲ. ಇನ್ನೊಂದು ಮಾತು. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿ ಇಲ್ಲದೆ ಮಾರುವುದು 1978ರ ಕಾಯ್ದೆಯಂತೆ ಅಸಿಂಧು. ಸೈಟಿನ ಮೂಲ ಯಾರದೆಂದು ಕೇಳುವುದು ಬರಿಯ ಕಾನೂನಿನ ಎಚ್ಚರವಲ್ಲ. ಬಡವನ ನೆಲದ ಮೇಲೆ ಕಟ್ಟಿದ ಮನೆಯಲ್ಲಿ ಲಿಂಗಪೂಜೆ ಹೇಗೆ ಒಪ್ಪೀತು?

ಇಷ್ಟೆಲ್ಲ ನೋಡಿದ ಮೇಲೆ ಬಾಗಿಲು ಯಾವ ದಿಕ್ಕಿಗಿದ್ದರೂ ಆಗುತ್ತದೆ. ಸಂಜೆ ಆ ಬಾಗಿಲು ತೆರೆದು ಒಳಗೆ ಬರುವ ಹೊತ್ತಿಗೆ ಮಗು ಎಚ್ಚರವಾಗಿರಬೇಕು, ಅಷ್ಟೇ.