ಎಂ.ಎ. ಆಯಿತು, ಮುಂದೆ ಏನು?

ಮಗಳು ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದಳು ಅಂದರೆ ನಮ್ಮ ಮನೆಗಳಲ್ಲಿ ಬರುವ ಪ್ರಶ್ನೆ ಎರಡೇ. ಒಂದೋ ‘ಬಿ.ಎಡ್. ಮಾಡುವುದಿಲ್ಲವಾ?’, ಇಲ್ಲವೋ ‘ಮದುವೆ ಯಾವಾಗ?’ ಹುಡುಗನಾದರೆ, ‘ಗಲ್ಫಿಗೆ ಹೋಗಲಿಕ್ಕೆ ಇಷ್ಟು ಓದಬೇಕಿತ್ತಾ?’ ಪಾಠ ಮಾಡುವುದು ಬಿಟ್ಟರೆ ಈ ಓದಿಗೆ ಬೇರೆ ಕೆಲಸವೇ ಇಲ್ಲ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ.

ಕೆಲಸ ಉಂಟು. ಸರಕಾರದ ಯೋಜನೆಯೊಂದು ತಲುಪಬೇಕಾದವರಿಗೆ ತಲುಪಿತೋ ಇಲ್ಲವೋ ಎಂದು ಯಾರಾದರೂ ಮನೆಮನೆಗೆ ಹೋಗಿ ಕೇಳಬೇಕು, ಲೆಕ್ಕ ಹಾಕಬೇಕು, ವರದಿ ಬರೆಯಬೇಕು. ಸಮಾಜ ವಿಜ್ಞಾನದ ಸಂಶೋಧಕರು ಮಾಡುವುದು ಇದನ್ನೇ. 2006ರಲ್ಲಿ ಬಂದ ಸಾಚಾರ್ ವರದಿಯ ಬಗ್ಗೆ ನಾವು ವೇದಿಕೆಗಳಲ್ಲಿ ಎಷ್ಟು ಮಾತನಾಡಿಲ್ಲ! ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಹೆಸರು ಎಲ್ಲರಿಗೂ ಗೊತ್ತು. ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿದ್ದವರು ಅಬೂಸಾಲಿಹ್ ಶರೀಫ್ ಎಂಬ ಅರ್ಥಶಾಸ್ತ್ರಜ್ಞರು ಎಂಬುದು ಎಷ್ಟು ಜನರಿಗೆ ಗೊತ್ತು? ಜನಗಣತಿ, ಸ್ಯಾಂಪಲ್ ಸರ್ವೇಗಳ ಅಂಕಿಗಳನ್ನು ಬಿಡಿಸಿ ನೋಡುವವರು ಇದ್ದದ್ದರಿಂದ ಆ ವರದಿಗೆ ತೂಕ ಬಂತು.

ನಮ್ಮೂರಿನದೇ ವಿಷಯ ನೋಡಿ. ಸರ್ವೇಗೆ ಬಂದವರು ‘ಕೆಲಸಕ್ಕೆ ಹೋಗುತ್ತೀರಾ?’ ಎಂದರೆ ನಮ್ಮ ಉಮ್ಮಂದಿರು ‘ಇಲ್ಲ, ಮನೆಯಲ್ಲೇ’ ಎನ್ನುತ್ತಾರೆ. ಮಡಿಲಲ್ಲಿ ಬೀಡಿ ಎಲೆಯ ಮೊರ ಇದ್ದರೂ ಕಾಗದದಲ್ಲಿ ಅವರು ಗೃಹಿಣಿ! ಬ್ಯಾರಿ ಭಾಷೆ ಬರುವ ಹುಡುಗಿಯೊಬ್ಬಳು ಜಗಲಿಯಲ್ಲಿ ಕೂತು, ಇವತ್ತು ಬ್ರಾಂಚಿಗೆ ಎಷ್ಟು ಬೀಡಿ ಕೊಟ್ಟಿರಿ, ಎಷ್ಟು ವಾಪಸ್ ಬಂತು, ಪುಸ್ತಕ ಯಾರ ಹೆಸರಲ್ಲಿ ಉಂಟು ಎಂದು ಕೇಳಿದರೆ ಬರುವ ಉತ್ತರವೇ ಬೇರೆ. ಭಾಷೆ ಬಾರದವರು ಬಂದು ಹೋದರೆ ಇದೆಲ್ಲ ಲೆಕ್ಕಕ್ಕೇ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಡಾ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಐಸೆಕ್ ಸಂಸ್ಥೆಯಲ್ಲಿ ಪಿಎಚ್.ಡಿ.ಗೆ ಅವಕಾಶ ಉಂಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿಕೊಳ್ಳುವುದು ಮುಂಬೈಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. ರಾಜ್ಯದ ಯೋಜನೆಗಳನ್ನು ಹೊರಗಿನ ಸಂಸ್ಥೆಗಳಿಂದ ಪರಿಶೀಲನೆ ಮಾಡಿಸಲು ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಇದೆ. ಆ ಸಂಸ್ಥೆಗಳಿಗೂ ಜನ ಬೇಕು. ಬರೀ ಡಿಗ್ರಿ ಸಾಕಾಗದು ಎಂಬುದು ಬೇರೆ ಮಾತು. ಸಂಖ್ಯಾಶಾಸ್ತ್ರ ಗೊತ್ತಿರಬೇಕು, ಕಂಪ್ಯೂಟರಿನಲ್ಲಿ ಅಂಕಿ ಬಿಡಿಸಲು ಬರಬೇಕು, ಇಂಗ್ಲಿಷಿನಲ್ಲಿ ನೆಟ್ಟಗೆ ನಾಲ್ಕು ಪುಟ ಬರೆಯಬೇಕು. ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಕಷ್ಟವನ್ನೂ ಹೇಳಬೇಕಲ್ಲ. ಬಹಳ ಕಡೆ ಇದು ಪ್ರಾಜೆಕ್ಟ್ ಕೆಲಸ. ಪ್ರಾಜೆಕ್ಟ್ ಮುಗಿದರೆ ಸಂಬಳವೂ ಮುಗಿಯಿತು. ಊರೂರು ತಿರುಗಬೇಕು. ಮಗಳನ್ನು ಕಳುಹಿಸಲು ಹೆತ್ತವರಿಗೆ ಅಂಜಿಕೆ ಸಹಜ. ಆದರೆ ಅದೇ ಮಗಳನ್ನು ನರ್ಸಿಂಗಿಗೆ, ಇಂಜಿನಿಯರಿಂಗಿಗೆ ಬೆಂಗಳೂರಿಗೆ ಕಳುಹಿಸಿದ ಮನೆಗಳು ನಮ್ಮಲ್ಲಿ ಈಗ ಕಡಿಮೆ ಏನಲ್ಲ.

ಪಿಎಚ್.ಡಿ. ಮಾಡುವ ಅಲ್ಪಸಂಖ್ಯಾತ ಮಕ್ಕಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದವರಿಗೆ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ, ಆದರೆ ಅದು ಕೆಲವರಿಗಷ್ಟೇ ದಕ್ಕುವಂಥದ್ದು. ಉಳಿದವರ ಗತಿ? ವರ್ಷವರ್ಷ ಮೆಡಿಕಲ್, ಇಂಜಿನಿಯರಿಂಗ್ ಮಕ್ಕಳಿಗೆ ಸ್ಕಾಲರ್‌ಶಿಪ್ ಹಂಚುವ ನಮ್ಮ ಜಮಾಅತ್‌ಗಳು, ಗಲ್ಫ್ ಸಮಿತಿಗಳು ಈ ಸಲದ ಪಟ್ಟಿಯಲ್ಲಿ ಅರ್ಥಶಾಸ್ತ್ರದ, ಸಮಾಜಶಾಸ್ತ್ರದ ಸಂಶೋಧನೆಗೆ ಹೊರಟ ಒಬ್ಬರನ್ನಾದರೂ ಸೇರಿಸಲಿ. ಮೂರು ವರ್ಷ ಕೈ ಬಿಡದೆ ಕೊಡಲಿ. ಒಂದೇ ಸಲದ ಚೆಕ್ ಮತ್ತು ಫೋಟೋದಿಂದ ಪಿಎಚ್.ಡಿ. ಮುಗಿಯುವುದಿಲ್ಲ.