ನನ್ನ ತಟ್ಟೆ ನನ್ನದು, ಮಕ್ಕಳ ಮೊಟ್ಟೆ ಮಕ್ಕಳದು

ಮಾಂಸ ಕಮ್ಮಿ ಮಾಡ್ತಿದ್ದೀನಿ ಅಂದಾಗ ನನಗೆ ಎರಡೂ ಕಡೆಯಿಂದ ಬೈಗುಳ ಬಿತ್ತು. ಬೆಂಗಳೂರಿನ ಗೆಳೆಯರು, "ಕಮ್ಮಿ ಯಾಕೆ? ಇವತ್ತೇ ಪೂರ್ತಿ ಬಿಡು, ಹಾಲೂ ಬಿಡು" ಅಂದರು. ಹಲಕುಂದಿಯಲ್ಲಿ ಅವ್ವ, "ಯಾವ ಮಠಕ್ಕ ಸೇರ್ಕೊಂಡಿಯಪ್ಪಾ?" ಅಂದಳು.

ಮೊದಲು ಬೆಂಗಳೂರಿನವರಿಗೆ ಉತ್ತರ. ನಮ್ಮ ಮನೇಲಿ ಮಾಂಸ ಅಂದ್ರೆ ಜಾತ್ರೆಗೆ, ಬೀಗರು ಬಂದಾಗ, ಕೈಯಲ್ಲಿ ಕಾಸಿದ್ದ ಭಾನುವಾರಕ್ಕೆ. ಉಳಿದ ದಿನ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ. ವಾರಕ್ಕೆ ಐದು ದಿನ ಚಿಕನ್ ತಿನ್ನೋದು ನನ್ನ ಸಂಬಳ ಕಲಿಸಿದ ಚಟ, ಊರು ಕಲಿಸಿದ್ದಲ್ಲ. ಹಾಗಾಗಿ ಐದನ್ನು ಮೂರು ಮಾಡಿದೆ, ಮೂರನ್ನು ಒಂದು ಮಾಡಿದೆ. ಒಂದು ವರ್ಷ ಹಿಡೀತು. ಅದಕ್ಕೆ ಬಾದಾಮಿ ಹಾಲಿನ ಡಬ್ಬಿಯೂ ಬೇಕಾಗಲಿಲ್ಲ, ಸೋಯಾ ಕಬಾಬೂ ಬೇಕಾಗಲಿಲ್ಲ. ಜೋಳದ ಪ್ರೋಟೀನ್‌ನಲ್ಲಿ ಲೈಸಿನ್ ಕಮ್ಮಿ, ಬೇಳೆಕಾಳಲ್ಲಿ ಅದು ಜಾಸ್ತಿ. ರೊಟ್ಟಿ ಜೊತೆ ಕಾಳುಪಲ್ಯ ಅಂತ ನಮ್ಮಜ್ಜಿಯರು ಕಟ್ಟಿಕೊಟ್ಟ ಜೋಡಿ ಸುಮ್ನೆ ಅಲ್ಲ. ಆದರೆ ಬಿ12 ಗಿಡಗಳಿಂದ ಸಿಗಲ್ಲ. ಹಾಲು-ಮೊಟ್ಟೆ ಎರಡನ್ನೂ ಬಿಡೋರು ಮಾತ್ರೆ ತಗೋಬೇಕು. ಇದನ್ನ ಮುಚ್ಚಿಟ್ಟು "ಇವತ್ತೇ ಬಿಡಿ" ಅನ್ನೋರು ಜನರ ಆರೋಗ್ಯದ ಜೊತೆ ಆಟ ಆಡ್ತಿದ್ದಾರೆ.

ಇನ್ನು ಅವ್ವನ ಪ್ರಶ್ನೆ. ಅದು ತಮಾಷೆಯಲ್ಲ. 2021ರ ಡಿಸೆಂಬರ್‌ನಲ್ಲಿ ಬಳ್ಳಾರಿಯೂ ಸೇರಿ ರಾಜ್ಯದ ಏಳು ಜಿಲ್ಲೆಗಳಲ್ಲಿ 1ರಿಂದ 8ನೇ ತರಗತಿ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರುಮಾಡಿದರು. ಅಪೌಷ್ಟಿಕತೆ ಇಲ್ಲಿ ಜಾಸ್ತಿ ಅನ್ನೋದೇ ಕಾರಣ. ತಿನ್ನದವರಿಗೆ ಬಾಳೆಹಣ್ಣು ಕೊಟ್ಟರು. ಆದರೂ ಕೆಲವು ಮಠಾಧೀಶರು ಮೊಟ್ಟೆ ನಿಲ್ಲಿಸಿ ಅಂತ ಬೀದಿಗೆ ಬಂದರು.

ಸ್ವಾಮಿ, ನಿಮ್ಮ ತಟ್ಟೆಯಲ್ಲಿ ಹಾಲಿದೆ, ಮೊಸರಿದೆ, ತುಪ್ಪ ಇದೆ. ಆಕಳು ಗಿಡ ಅಲ್ಲವಲ್ಲ? ಹಾಗಿದ್ಮೇಲೆ ನಿಮ್ಮ ಸಿಟ್ಟು ಪ್ರಾಣಿ ಮೇಲಿನ ಕರುಣೆಯಿಂದ ಬಂದಿದ್ದಲ್ಲ, ಮಡಿ-ಮೈಲಿಗೆಯಿಂದ ಬಂದಿದ್ದು. ಅವ್ವನಂಥವರಿಗೆ ಸೊಪ್ಪು-ಕಾಳಿನ ಮಾತೇ ಅನುಮಾನ ಹುಟ್ಟಿಸೋ ಹಾಗೆ ಮಾಡಿದ್ದು ನೀವು.

ನಾನು ಮಾಂಸ ಬಿಡಬಲ್ಲೆ, ಯಾಕಂದ್ರೆ ಬದಲಿಗೆ ಬೇಳೆ, ಕಾಳು, ಹಣ್ಣು, ಮಾತ್ರೆ ಕೊಳ್ಳೋ ದುಡ್ಡು ನನ್ನ ಹತ್ರ ಇದೆ. ರೇಷನ್ ಅಕ್ಕಿ, ತಿಳಿಸಾರು ಉಂಡು ಶಾಲೆಗೆ ಬರೋ ಹುಡುಗಿಗೆ ಏನಿದೆ? ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಒಳ್ಳೇ ಪ್ರೋಟೀನ್ ಇದೆ, ಬಿ12 ಕೂಡ ಇದೆ. ಬಾಳೆಹಣ್ಣಲ್ಲಿ ಅದಿಲ್ಲ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಸಿಗ್ತಿದೆ. ಸಿಗಲಿ. ನಾನು ಬಿಟ್ಟಿದ್ದು ನನ್ನ ತಟ್ಟೆಯದ್ದನ್ನ, ಅವಳ ತಟ್ಟೆಯದ್ದನ್ನಲ್ಲ.

ನಿಮಗೆ ನಿಜವಾಗ್ಲೂ ಸಸ್ಯಾಹಾರ ಬೆಳೀಬೇಕಾ? ಹಂಗಾದ್ರೆ ಹೊಲದ ಕಡೆ ನೋಡ್ರಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ನೀರು ಬಂದಮೇಲೆ ಸಿರುಗುಪ್ಪದ ಕಡೆ ಭತ್ತ ಬಂತು, ಜೋಳ ಹಿಂದೆ ಸರೀತು. ಜೋಳ, ತೊಗರಿ ಬೆಳೆಯೋ ರೈತನಿಗೆ ಒಳ್ಳೇ ಬೆಲೆ ಕೇಳ್ರಿ. ಬಿಸಿಯೂಟದಲ್ಲಿ ಬೇಳೆ ಜಾಸ್ತಿ ಹಾಕ್ರಿ ಅಂತ ಬೀದಿಗಿಳೀರಿ, ನಾನೂ ಬರ್ತೀನಿ. ತಟ್ಟೆಗೆ ಸೇರಿಸೋ ಹೋರಾಟ ಮಾಡ್ರಿ, ಕಿತ್ತುಕೊಳ್ಳೋದನ್ನಲ್ಲ.

ಅವ್ವನಿಗೆ ಇಷ್ಟೆಲ್ಲ ಹೇಳಲಿಲ್ಲ. "ಯಾವ ಮಠಾನೂ ಇಲ್ಲವ್ವ, ನಿನ್ನ ಪುಂಡಿಪಲ್ಯ ಸಾಕು" ಅಂದೆ. "ಇದನ್ನ ತಿನ್ನಾಕ ಬೆಂಗಳೂರಿಗೆ ಹೋಗಿ ಕಲ್ತು ಬಂದ್ಯಾ?" ಅಂತ ನಕ್ಕು ಇನ್ನೊಂದು ರೊಟ್ಟಿ ಹಾಕಿದಳು.